'42' ಮತ್ತು 'ರೇಸ್': ಮಕ್ಕಳಿಗೆ ಯಾವುದನ್ನು ಮೊದಲು ತೋರಿಸಬೇಕು?

ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ಅವರ ಕುರಿತ '42' (2013) ಮತ್ತು ಓಟಗಾರ ಜೆಸ್ಸಿ ಓವೆನ್ಸ್ ಅವರ ಕುರಿತ 'ರೇಸ್' (2016) ಎಂಬ ಎರಡು ಚಿತ್ರಗಳನ್ನು ನಾನು ಮನೆಯ ಹೈಸ್ಕೂಲು ಮಕ್ಕಳೊಂದಿಗೆ ಕುಳಿತು ನೋಡಿದ್ದೇನೆ. ಅಮೆರಿಕದ ವರ್ಣಭೇದವನ್ನು ಆಟದ ಮೈದಾನದಲ್ಲಿ ಎದುರಿಸಿದವರ ಕಥೆ ಎರಡರಲ್ಲೂ ಇದೆ. ಒಂದನ್ನೇ ಆರಿಸಬೇಕಾದರೆ ನಾನು '42' ಎನ್ನುತ್ತೇನೆ.

ಆಟ ಅರ್ಥವಾಗುವ ಮಟ್ಟಿಗೆ 'ರೇಸ್' ಸುಲಭ. ನೂರು ಮೀಟರ್ ಓಟಕ್ಕೆ ಯಾರ ವಿವರಣೆಯೂ ಬೇಕಿಲ್ಲ. 1935ರಲ್ಲಿ ಆನ್ ಆರ್ಬರ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆಗಳನ್ನು ಮುರಿದು ನಾಲ್ಕನೆಯದನ್ನು ಸರಿಗಟ್ಟಿದ, ಮರುವರ್ಷ ಹಿಟ್ಲರನ ಬರ್ಲಿನ್‌ನಲ್ಲಿ ನಾಲ್ಕು ಚಿನ್ನ ಗೆದ್ದ ವ್ಯಕ್ತಿಯ ಬದುಕಿಗೆ ಉತ್ಪ್ರೇಕ್ಷೆಯೂ ಬೇಕಿಲ್ಲ. ಆ ಒಲಿಂಪಿಕ್ಸ್ ಅನ್ನು ಬಹಿಷ್ಕರಿಸಬೇಕೇ ಎಂದು ಓವೆನ್ಸ್ ತೊಳಲಾಡುವ ಭಾಗ, ರಿಲೇ ತಂಡದಿಂದ ಯಹೂದಿ ಓಟಗಾರರಾದ ಗ್ಲಿಕ್‌ಮನ್ ಮತ್ತು ಸ್ಟೋಲರ್ ಅವರನ್ನು ಕೈಬಿಡುವ ಭಾಗ ಗಟ್ಟಿಯಾಗಿವೆ. ಆದರೆ ಕ್ರೀಡಾಧಿಕಾರಿ ಬ್ರಂಡೇಜ್, ಚಿತ್ರನಿರ್ದೇಶಕಿ ರೀಫೆನ್‌ಸ್ಟಾಲ್, ತರಬೇತುದಾರ ಸ್ನೈಡರ್ ಇವರೆಲ್ಲರ ಕಥೆಗಳಿಗೂ ಜಾಗ ಕೊಡಲು ಹೋಗಿ, ಓವೆನ್ಸ್ ಅವರ ಮನಸ್ಸಿನೊಳಗೆ ಇಳಿಯಲು ಚಿತ್ರಕ್ಕೆ ಪುರುಸೊತ್ತೇ ಸಿಗುವುದಿಲ್ಲ.

'42' ಹರಡಿಕೊಳ್ಳುವುದಿಲ್ಲ. 1947ರ ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರ ಕಣಕ್ಕಿಳಿದಾಗ, ಕಪ್ಪುವರ್ಣೀಯರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ಮೇಜರ್ ಲೀಗ್‌ನ, ಅಂದರೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯ, ಬಾಗಿಲು ತೆರೆಯಿತು. ಯಾರು ಏನೇ ಅಂದರೂ ತಿರುಗಿ ಬೀಳಬಾರದೆಂಬುದು ಅವರನ್ನು ಕರೆತಂದ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಅವರ ಷರತ್ತು. ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ಮೈದಾನದಂಚಿನಲ್ಲಿ ನಿಂತು ಬೈಯುತ್ತಲೇ ಹೋಗುವ ದೃಶ್ಯವನ್ನು ನಿರ್ದೇಶಕ ಹೆಲ್ಗಲ್ಯಾಂಡ್ ಬೇಗನೆ ಮುಗಿಸುವುದಿಲ್ಲ. ನೋಡುವವರಿಗೂ ಸಾಕೆನಿಸುವಷ್ಟು ಎಳೆಯುತ್ತಾರೆ, ಮತ್ತು ಅದೇ ಸರಿ. ರಾಬಿನ್ಸನ್ ಪಾತ್ರದಲ್ಲಿ ಬ್ಯಾಟ್ ಹಿಡಿದು ನಿಂತ ನಟ ಚಾಡ್ವಿಕ್ ಬೋಸ್‌ಮನ್ ಅವರ ಮುಖದಲ್ಲಿ ಸಹನೆ ಒಂದು ಗುಣವಾಗಿ ಕಾಣದೆ, ಮೈಯೆಲ್ಲ ಹಿಂಡುವ ದುಡಿಮೆಯಾಗಿ ಕಾಣುತ್ತದೆ. ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಸಿನ್ಸಿನಾಟಿಯ ಪುಟ್ಟ ಹುಡುಗ: ತನ್ನ ನೆಚ್ಚಿನ ಇನ್ನೊಬ್ಬ ಆಟಗಾರನನ್ನು ನೋಡಲು ಖುಷಿಯಿಂದ ಬಂದ ಅವನು, ರಾಬಿನ್ಸನ್ ಅವರತ್ತ ಅಪ್ಪ ಕೂಗಿದ ಬೈಗುಳವನ್ನು ಕೇಳಿ, ಒಂದು ಕ್ಷಣ ತಡೆದು, ತಾನೂ ಕೂಗುತ್ತಾನೆ. ದ್ವೇಷ ತಲೆಮಾರಿನಿಂದ ತಲೆಮಾರಿಗೆ ದಾಟುವ ಬಗೆಯನ್ನು ಇಷ್ಟು ಚಿಕ್ಕ ದೃಶ್ಯದಲ್ಲಿ ಹೇಳಿದ ಇನ್ನೊಂದು ಕ್ರೀಡಾಚಿತ್ರವನ್ನು ನಾನು ಕಂಡಿಲ್ಲ.

ಆದರೂ '42' ಗೆಲುವಿನ ಸಂಭ್ರಮದಲ್ಲಿ ಮುಗಿಯುತ್ತದೆ, ಸಂಗೀತವೂ ಅತಿಯಾಗಿ ಉಬ್ಬುತ್ತದೆ. ಗೆದ್ದ ಮೇಲೂ ಏನೂ ಬದಲಾಗದಿರಬಹುದೆಂಬ ಸತ್ಯವನ್ನು ಹೇಳುವ ಧೈರ್ಯ 'ರೇಸ್' ಚಿತ್ರಕ್ಕಿದೆ: ನ್ಯೂಯಾರ್ಕ್‌ನ ಹೋಟೆಲಿನಲ್ಲಿ ತಮ್ಮದೇ ಸನ್ಮಾನದ ಔತಣಕ್ಕೆ ಬಂದ ಓವೆನ್ಸ್, ಮುಂಬಾಗಿಲಿನಿಂದ ಹೋಗುವಂತಿಲ್ಲ. ಹಾಗಾಗಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಎರಡನ್ನೂ ತೋರಿಸಬೇಕು. ಹೈಸ್ಕೂಲಿನವರಿಗೆ ಮೊದಲು '42' ಇರಲಿ. ಚಾಪ್‌ಮನ್ ದೃಶ್ಯದ ಮಾತುಗಳು ಬಹಳ ಕಟುವಾಗಿರುವುದರಿಂದ ದೊಡ್ಡವರು ಜೊತೆಗಿರಬೇಕು, ಬೇಸ್‌ಬಾಲ್‌ನಲ್ಲಿ ಬೇಸ್ ಕದಿಯುವುದೆಂದರೇನೆಂದು (ಬ್ಯಾಟಿನ ಹೊಡೆತಕ್ಕೆ ಕಾಯದೆ, ಎದುರಾಳಿಗಳ ಕಣ್ಣುತಪ್ಪಿಸಿ ಮುಂದಿನ ಬೇಸಿಗೆ ಓಡಿ ಸೇರುವುದು) ಮೊದಲೇ ತಿಳಿಸಿಟ್ಟರೆ ರಾಬಿನ್ಸನ್ ಅವರ ಓಟದ ಸೊಗಸೂ ಮಕ್ಕಳಿಗೆ ದಕ್ಕುತ್ತದೆ.