ಕಾಪು ಲೈಟ್‌ಹೌಸ್‌ಗೆ ಕೊಪ್ಪಳದಿಂದ ಹೋಗುವವರು ಒಂದು ಇಡೀ ಸಂಜೆ ಇಟ್ಟುಕೊಳ್ಳಿ

ಉಡುಪಿ ಕಡೆ ಟೂರ್ ಹಾಕುವ ಕೊಪ್ಪಳ, ಗಂಗಾವತಿಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಾಪು ಲೈಟ್‌ಹೌಸ್‌ಗೆ ಅರ್ಧ ಗಂಟೆ ಇಟ್ಟುಕೊಂಡು ಹೋಗಬೇಡಿ. ಕೃಷ್ಣ ಮಠ, ಮಲ್ಪೆ, ಕಾಪು ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಇಲ್ಲಿ ಗಾಡಿ ನಿಲ್ಲಿಸಿ, "ಇಪ್ಪತ್ತು ನಿಮಿಷದಾಗ ಬಂದುಬಿಡ್ರಿ" ಅಂತ ಡ್ರೈವರ್ ಹೇಳುತ್ತಾನೆ. ಅಷ್ಟರಲ್ಲಿ ಬಂಡೆ ಹತ್ತಿ ಫೋಟೊ ತೆಗೆದು ಇಳಿಯಬಹುದು, ಅಷ್ಟೇ. ಅದಕ್ಕಾಗಿ ಇಷ್ಟು ದೂರ ಹೋಗಬೇಕಾ?

ದಾರಿ ಸುಲಭ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಬಂದು, ಉಡುಪಿ ದಾಟಿ ಹನ್ನೆರಡು ಹದಿಮೂರು ಕಿಲೋಮೀಟರ್ ಹೋದರೆ ಕಾಪು ಸಿಗುತ್ತದೆ. ಈ ಮಾರ್ಗವಾಗಿ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಬಂದರೂ ಕಾಪುವಿನಲ್ಲೇ ಇಳಿದು ಆಟೋ ಹಿಡಿಯಬಹುದು.

ಈಗ ಲೈಟ್‌ಹೌಸ್ ವಿಷಯಕ್ಕೆ ಬರುತ್ತೇನೆ. 1901ರಲ್ಲಿ ಕಟ್ಟಿದ ಗೋಪುರ ಇದು, ಎತ್ತರ ಸುಮಾರು 27 ಮೀಟರ್, ಮರಳಿನ ಮೇಲಲ್ಲ, ದಡದಲ್ಲೇ ಎದ್ದು ನಿಂತ ದೊಡ್ಡ ಬಂಡೆಯ ಮೇಲೆ ಕಟ್ಟಿದ್ದಾರೆ. ಮೈಮೇಲೆ ಕಪ್ಪು ಬಿಳಿ ಪಟ್ಟೆ. ಅದು ಸುಮ್ನೆ ಅಂದಕ್ಕೆ ಬಳಿದದ್ದಲ್ಲ. ಹಗಲಲ್ಲಿ ದೀಪ ಕಾಣುವುದಿಲ್ಲ ಅಲ್ವಾ, ಆಗ ದೋಣಿಯವರು ಬಣ್ಣ ನೋಡಿಯೇ ಇದು ಯಾವ ಊರಿನ ಗೋಪುರ ಅಂತ ಗುರುತು ಹಿಡಿಯುತ್ತಾರೆ.

ಮೇಲೆ ಬಿಡುವುದು ಸಾಮಾನ್ಯವಾಗಿ ಸಂಜೆ ಹೊತ್ತು ಮಾತ್ರ, ಅದೂ ಸ್ವಲ್ಪ ಸಮಯ. ಆದ್ದರಿಂದ ಮಧ್ಯಾಹ್ನ ಬಂದು ಬಾಗಿಲು ಹಾಕಿದೆ ಅಂತ ಬೇಜಾರಾಗುವುದಕ್ಕಿಂತ, ಹೊರಡುವ ದಿನವೇ ಸಮಯ ವಿಚಾರಿಸಿಕೊಳ್ಳಿ. ಟಿಕೆಟ್ ದುಡ್ಡು ಏನೂ ಜಾಸ್ತಿ ಇಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಒಳಗೆ ಸುತ್ತು ಮೆಟ್ಟಿಲು, ಜಾಗ ಇಕ್ಕಟ್ಟು, ಹತ್ತುವವರು ಇಳಿಯುವವರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ನಮ್ಮ ಅವ್ವನಿಗೆ ಮೊಣಕಾಲು ನೋವು, ಅವರು ಕೆಳಗೆ ಬಂಡೆಯ ಮೇಲೇ ಕೂತರು. ಅಲ್ಲಿಂದಲೂ ಸಮುದ್ರ ಚೆನ್ನಾಗಿ ಕಾಣುತ್ತದೆ, ಹಾಗಾಗಿ ವಯಸ್ಸಾದವರನ್ನು ಬಲವಂತ ಮಾಡಿ ಹತ್ತಿಸಬೇಡಿ.

ಮೇಲೆ ಹೋದ ಮೇಲೆ ದಯವಿಟ್ಟು ಐದು ನಿಮಿಷ ಫೋನ್ ಜೇಬಿನಲ್ಲಿಡಿ. ಮರಳಿನ ಮೇಲೆ ನಿಂತಾಗ ನಮಗೆ ಕಾಣುವ ಸಮುದ್ರ ಐದು ಕಿಲೋಮೀಟರ್ ಕೂಡ ಇರುವುದಿಲ್ಲ, ಭೂಮಿಯ ಬಾಗು ಅಡ್ಡ ಬರುತ್ತದೆ. 27 ಮೀಟರ್ ಮೇಲೇರಿದರೆ ಅದು ಹದಿನೆಂಟು ಕಿಲೋಮೀಟರ್ ದಾಟುತ್ತದೆ, ಕೆಳಗಿನ ಬಂಡೆಯ ಎತ್ತರ ಸೇರಿಸಿದರೆ ಇನ್ನೂ ಜಾಸ್ತಿ. ದೀಪವನ್ನು ಇಷ್ಟು ಎತ್ತರದಲ್ಲಿ ಇಟ್ಟಿದ್ದು ಯಾಕೆ ಅಂತ ಅಲ್ಲಿ ನಿಂತರೆ ಯಾರೂ ಹೇಳದೆ ಗೊತ್ತಾಗುತ್ತದೆ. ನಮ್ಮ ಮಗಳು, "ಅಪ್ಪಾ, ಆ ದೋಣಿ ಯಾಕ ಅಲ್ಲೇ ನಿಂತೈತಿ?" ಅಂದಳು. ನಿಂತಿರಲಿಲ್ಲ, ಅಷ್ಟು ದೂರದಲ್ಲಿತ್ತು.

ನಮಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನಮ್ಮ ಕಡೆಯವರು ಅಂದುಕೊಳ್ಳುತ್ತಾರೆ. ರೈಲು ಬರುವ ಮೊದಲು ಧಾರವಾಡ, ಗದಗ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು ಬಿತ್ತು, ಬೆಳೆದದ್ದು ಮಾತ್ರ ಎರೆ ಹೊಲದಲ್ಲಿ. ಈ ಕರಾವಳಿಯ ಬಂದರುಗಳ ಹಿಂದೆ ನಮ್ಮ ರೈತರ ಬೆವರೂ ಇದೆ.

ಇನ್ನೊಂದು ಮುಖ್ಯ ಮಾತು. ಸೂರ್ಯ ಮುಳುಗಿದ ಕೂಡಲೇ ಜನ ಎದ್ದು ಹೊರಡುತ್ತಾರೆ, ಲೈಟ್‌ಹೌಸ್ ಕೆಲಸ ಶುರುವಾಗುವುದೇ ಆಗ! ಕೆಳಗಿಳಿದು ಕತ್ತಲಾಗುವವರೆಗೆ ದಡದಲ್ಲಿ ಕಾದು ಬೆಳಕು ಮಿನುಗುವುದನ್ನು ನೋಡಿ. ಎರಡು ಮಿನುಗಿನ ನಡುವಿನ ಹೊತ್ತನ್ನು ಮಕ್ಕಳಿಂದ ಎಣಿಸಿ. ಒಂದೊಂದು ಲೈಟ್‌ಹೌಸ್‌ಗೂ ಅದರದೇ ಲೆಕ್ಕ ಇರುತ್ತದೆ, ಅದರ ಮೇಲೆ ನಾವಿಕರು ರಾತ್ರಿಯಲ್ಲಿ ಎಲ್ಲಿದ್ದೇವೆ ಅಂತ ತಿಳಿಯುತ್ತಾರೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಉಂಗುರ ಉಂಗುರವಾಗಿ ಗಾಜು ಜೋಡಿಸಿ ಲೆನ್ಸ್ ಮಾಡಿದ. ಸುತ್ತಲೂ ಚೆಲ್ಲಿಹೋಗುವ ಬೆಳಕನ್ನು ಅದು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹೀಗಾಗಿ ಎಣ್ಣೆ ದೀಪದ ಕಾಲದಲ್ಲೂ ಬೆಳಕು ಅಷ್ಟು ದೂರ ಮುಟ್ಟುತ್ತಿತ್ತು. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಇದನ್ನು ಬಸ್ಸಿನಲ್ಲೇ ಹೇಳಿಕೊಡಿ.

ನನಗೆ ಸಿಟ್ಟು ಬಂದದ್ದು ನಮ್ಮಂಥ ಪ್ರವಾಸಿಗರ ಮೇಲೇ. ಕಟಕಟೆಯ ಹತ್ತಿರ ಸೆಲ್ಫಿಗೆ ನೂಕಾಡುವುದು, ಬಂಡೆಯ ಸಂದಿಯಲ್ಲಿ ನೀರಿನ ಬಾಟಲಿ ಎಸೆಯುವುದು, ಅಲೆ ಬಡಿಯುವ ಬಂಡೆಯ ತುದಿಗೆ ಹೋಗಿ ನಿಲ್ಲುವುದು. ನಮ್ಮವರಿಗೆ ಕೆರೆ, ಕಾಲುವೆ, ತುಂಗಭದ್ರಾ ಹೊಳೆ ಗೊತ್ತು, ಅಲ್ಲಿ ಈಜು ಕಲಿತ ಧೈರ್ಯ ಸಮುದ್ರದಲ್ಲಿ ನಡೆಯುವುದಿಲ್ಲ. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಪಾಚಿ ಕಟ್ಟಿದ ಬಂಡೆ ಭಾರೀ ಜಾರುತ್ತದೆ. ಅಲ್ಲಿನವರು ಬೇಡ ಅಂದರೆ ಬೇಡ, ವಾದ ಮಾಡಬೇಡಿ.

ಮಳೆಗಾಲದಲ್ಲಿ ನಾನಂತೂ ಹೋಗಿ ಅನ್ನುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ, ಸಮುದ್ರವೂ ಒರಟಾಗಿರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಅದರಲ್ಲೂ ಶನಿವಾರ ಭಾನುವಾರ ಬಿಟ್ಟು. ಉಳಿಯುವುದಿದ್ದರೆ ಲಾಡ್ಜ್ ಬಾಡಿಗೆಯನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ನಮಗೆ ಒಂದು ಕಡೆ ಫೋನಿನಲ್ಲಿ ಒಂದು ರೇಟು, ಕೌಂಟರಿನಲ್ಲಿ ಇನ್ನೊಂದು ರೇಟು ಹೇಳಿದರು. ಊಟಕ್ಕೆ ರೊಟ್ಟಿ ಹುಡುಕುತ್ತಾ ಅಲೆಯಬೇಡಿ, ನೀರುದೋಸೆ ತಿನ್ನಿ, ಮೀನು ತಿನ್ನುವವರು ಬಂಗುಡೆ ಕೇಳಿ.