ಗೇಡನ್‌ನ ಹೆರಿಟೇಜ್ ಸರ್ಟಿಫಿಕೇಟ್: ಎಂಜಿಬಿ ಮಾಲೀಕನೊಬ್ಬನ ದೀರ್ಘಕಾಲದ ಅನುಭವ

ಇಂಗ್ಲೆಂಡಿನ ವಾರ್ವಿಕ್‌ಷೈರ್‌ನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಎಂಜಿ, ಆಸ್ಟಿನ್, ಮಾರಿಸ್, ಟ್ರಯಂಫ್ ಮೊದಲಾದ ಕಂಪನಿಗಳ ಉತ್ಪಾದನಾ ಲೆಡ್ಜರುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದರೆ, ನಮ್ಮ ಕಾರಿನ ಚಾಸಿ ನಂಬರಿನ ಎದುರು ಕಾರ್ಖಾನೆಯ ಗುಮಾಸ್ತರು ಅಂದು ಏನನ್ನು ಬರೆದಿದ್ದರೋ ಅದನ್ನು ಹುಡುಕಿ ಹೆರಿಟೇಜ್ ಸರ್ಟಿಫಿಕೇಟ್ ಎಂಬ ಪ್ರಮಾಣಪತ್ರವಾಗಿ ಕೊಡುತ್ತಾರೆ. ಇಲ್ಲಿ ನೆಲೆಸಿದ ಮೇಲೆ ಕೊಂಡ, ಎಂಜಿ ಕಂಪನಿಯ 1968ರ ಎಂಜಿಬಿ ಜಿಟಿ ಕಾರಿಗಾಗಿ ನಾನು ಪಡೆದ ಇಂಥ ಪತ್ರ ಹಲವು ವರ್ಷಗಳಿಂದ ನನ್ನ ಬಳಿ ಇದೆ. ಈ ಅವಧಿಯಲ್ಲಿ ರಿಪೇರಿ, ಬಣ್ಣ, ವಿಮೆ ಎಂದು ನಾನಾ ಸಂದರ್ಭಗಳಲ್ಲಿ ಅದನ್ನು ಮತ್ತೆ ಮತ್ತೆ ತೆಗೆದು ನೋಡಿದ್ದೇನೆ. ಹಾಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಈ ಪತ್ರಕ್ಕೆ ಕೊಡುವ ಹಣ ವ್ಯರ್ಥವಲ್ಲ, ಆದರೆ ಅದು ಲೆಡ್ಜರಿನ ಒಂದು ಸಾಲಿಗೆ ಸಾಕ್ಷಿಯೇ ಹೊರತು ನಮ್ಮೆದುರು ನಿಂತಿರುವ ಕಾರಿಗೆ ಸಾಕ್ಷಿಯಲ್ಲ.

ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಸಮೀಪದ ಅಬಿಂಗ್ಡನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು, ಹಿಂಬದಿಗೆ ಬಾಗಿಲಿರುವ ಜಿಟಿ ಮಾದರಿ ಸೇರಿಕೊಂಡದ್ದು 1965ರಲ್ಲಿ. ನನ್ನ ಪ್ರಮಾಣಪತ್ರದಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ಬಾಡಿ ನಂಬರ್, ಕಾರು ತಯಾರಾದ ಮತ್ತು ಕಾರ್ಖಾನೆಯಿಂದ ಹೊರಟ ದಿನಾಂಕಗಳು, ಅದು ಯಾವ ಮಾರುಕಟ್ಟೆಗೆ ಹೋಯಿತೆಂಬುದು, ಹೊರಬಣ್ಣ, ಸೀಟುಗಳ ಬಣ್ಣ ಮತ್ತು ಕಾರ್ಖಾನೆಯಲ್ಲೇ ಅಳವಡಿಸಿದ ಹೆಚ್ಚುವರಿ ಸಲಕರಣೆಗಳ ಪಟ್ಟಿ ಇವೆ. ನೂರು ಪೌಂಡಿಗೂ ಕಡಿಮೆ ಖರ್ಚಿಗೆ ಇಷ್ಟು ವಿವರ ದೊರೆಯುವುದು ಸಣ್ಣ ಮಾತಲ್ಲ.

ನಾನು ಕೊಂಡಾಗ ಕಾರು ಕೆಂಪಾಗಿತ್ತು. ಹುಟ್ಟಿನಿಂದಲೂ ಅದೇ ಬಣ್ಣ, ಓವರ್‌ಡ್ರೈವ್ ಗೇರ್ ಕೂಡ ಕಾರ್ಖಾನೆಯದೇ ಎಂದು ಮಾರಿದವರು ನಂಬಿದ್ದರು. ಪತ್ರದಲ್ಲಿ ಬಣ್ಣ ಮಿನರಲ್ ಬ್ಲೂ ಎಂದಿತ್ತು, ಓವರ್‌ಡ್ರೈವ್‌ನ ಉಲ್ಲೇಖವೇ ಇರಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಅದರ ಹಿಂದಿನ ತಗಡಿನಲ್ಲಿಯೂ ಕಾರ್ಪೆಟ್ಟಿನ ಅಡಿಯಲ್ಲಿಯೂ ನೀಲಿ ಬಣ್ಣ ಹಾಗೆಯೇ ಉಳಿದಿತ್ತು. ಪತ್ರದ ನಿಜವಾದ ಬೆಲೆ ನನಗೆ ತಿಳಿದದ್ದು ಆಗ. ಪತ್ರ ಹೇಳಿದ್ದನ್ನು ತಗಡು ಒಪ್ಪಿದ್ದರಿಂದ ಈ ಚಾಸಿ ನಂಬರ್ ಈ ದೇಹದ್ದೇ ಎಂಬ ನಂಬಿಕೆ ಬಲವಾಯಿತು. ಮುಂದೆ ಕಾರಿಗೆ ಪೂರ್ತಿ ಬಣ್ಣ ಹಚ್ಚಿಸುವ ಕಾಲ ಬಂದಾಗ ಯಾವ ಬಣ್ಣ ಎಂಬ ಚರ್ಚೆಗೆ ಅವಕಾಶವೇ ಉಳಿಯಲಿಲ್ಲ. ಓವರ್‌ಡ್ರೈವ್ ಅನ್ನು ಮಾತ್ರ ನಾನು ತೆಗೆಸಿಲ್ಲ. ಹೆದ್ದಾರಿಯಲ್ಲಿ ಎಂಜಿನ್ ನಿರಾಳವಾಗಿ ಓಡುವಂತೆ ಮಾಡುವ ಆ ಸೌಲಭ್ಯವನ್ನು ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಕಿತ್ತುಹಾಕುವುದು ಕಾರಿಗೂ ಒಳ್ಳೆಯದಲ್ಲ, ಓಡಿಸುವವರಿಗೂ ಒಳ್ಳೆಯದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಜಿನ್ ನಂಬರಿನ ವಿಷಯ ಇನ್ನಷ್ಟು ಎಚ್ಚರ ಬೇಡುತ್ತದೆ. ಪತ್ರದಲ್ಲಿರುವ ನಂಬರಿಗೂ ಎಂಜಿನ್ನಿನ ಮೇಲಿರುವ ನಂಬರಿಗೂ ಹೊಂದಾಣಿಕೆಯಾಗದಿದ್ದರೆ ಅನೇಕರು ಮೋಸವೆಂದೇ ಭಾವಿಸುತ್ತಾರೆ. ಆದರೆ ಎಂಜಿಯ ಒಡೆತನ ಹೊಂದಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಮತ್ತು ಮುಂದೆ ಬ್ರಿಟಿಷ್ ಲೇಲ್ಯಾಂಡ್ ಕಾಲದಲ್ಲಿ ಸವೆದ ಎಂಜಿನ್ ಕೊಟ್ಟು ಕಂಪನಿಯೇ ಪುನರ್ನಿರ್ಮಿಸಿದ ಗೋಲ್ಡ್ ಸೀಲ್ ಎಂಜಿನ್ ಪಡೆಯುವುದು ಸಾಮಾನ್ಯ ಪದ್ಧತಿಯಾಗಿತ್ತು, ಅಂಥ ಎಂಜಿನ್ನಿನ ಮೇಲೆ ಬೇರೆಯದೇ ನಂಬರಿನ ತಗಡು ಇರುತ್ತಿತ್ತು. ದಿನನಿತ್ಯ ಓಡಿ ದುಡಿದ ಕಾರೊಂದಕ್ಕೆ ಇದು ಸಹಜವಾದ ಇತಿಹಾಸವೇ. ತದ್ವಿರುದ್ಧವಾಗಿ, ಎಂಜಿಬಿಯ ಎಂಜಿನ್ ನಂಬರ್ ಇರುವುದು ರಿವೆಟ್ ಹೊಡೆದ ಒಂದು ಸಣ್ಣ ತಗಡಿನ ಮೇಲೆ. ಮನಸ್ಸಿದ್ದವರು ಅದನ್ನು ಕಿತ್ತು ಮತ್ತೊಂದು ಎಂಜಿನ್ನಿಗೆ ಕೂರಿಸಬಹುದು, ಹೊಸದಾಗಿ ಕೊರೆಸಲೂಬಹುದು. ಆದ್ದರಿಂದ ನಂಬರ್ ಹೊಂದಿಕೆಯಾದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ, ಹೊಂದಿಕೆಯಾಗದ ಮಾತ್ರಕ್ಕೆ ಗಾಬರಿಪಡಬೇಕಾಗಿಯೂ ಇಲ್ಲ.

ಚಾಸಿ ನಂಬರಿನ ತಗಡಿಗೂ ಇದೇ ಮಾತು ಅನ್ವಯಿಸುತ್ತದೆ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ದೇಹವೇ ಚಾಸಿ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಕಂಪನಿ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ದೇಹಗಳನ್ನು ತಯಾರಿಸುತ್ತ ಬಂದಿದೆ. ತುಕ್ಕು ತಿಂದು ಮುಗಿದಿದ್ದ ಅದೆಷ್ಟೋ ಕಾರುಗಳು ಉಳಿದದ್ದು ಅದರಿಂದಲೇ, ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹಳೆಯ ಕಾರಿನ ನಂಬರ್ ತಗಡನ್ನು ಹೊಸ ದೇಹಕ್ಕೆ ಕೂರಿಸಿದರೆ ಗೇಡನ್‌ನಿಂದ ಬರುವ ಪತ್ರ ಎರಡಕ್ಕೂ ಒಂದೇ ಆಗಿರುತ್ತದೆ, ಏಕೆಂದರೆ ಅಲ್ಲಿ ಲೆಡ್ಜರನ್ನು ನೋಡುತ್ತಾರೆಯೇ ವಿನಾ ಕಾರನ್ನು ಪರೀಕ್ಷಿಸುವುದಿಲ್ಲ. ಇದು ಸಂಸ್ಥೆಯ ಲೋಪವಲ್ಲ; ಅವರು ಮಾಡುತ್ತೇವೆಂದು ಹೇಳುವುದೂ ಅಷ್ಟನ್ನೇ. ಆ ಪತ್ರಕ್ಕೆ ಚೌಕಟ್ಟು ಹಾಕಿಸಿ, ಕಾರಿನ ಅಸಲಿತನಕ್ಕೆ ಇದೇ ಗ್ಯಾರಂಟಿ ಎಂದು ಜಾಹೀರಾತಿನಲ್ಲಿ ಬರೆಯುವ ಮಾರಾಟಗಾರರ ಮಾತನ್ನು ಮಾತ್ರ ಒಪ್ಪಬಾರದು.

ಫೆರಾರಿ ಕಂಪನಿಯಲ್ಲಿ ಹಳೆಯ ಕಾರುಗಳನ್ನು ನೋಡಿಕೊಳ್ಳುವ ಕ್ಲಾಸಿಕೆ ವಿಭಾಗದ ಪ್ರಮಾಣೀಕರಣದ ಸ್ವರೂಪ ಬೇರೆ. ಅಲ್ಲಿ ಕಾರನ್ನೇ ಪರೀಕ್ಷಿಸಿ, ಚಾಸಿ, ಎಂಜಿನ್, ಗೇರ್‌ಬಾಕ್ಸ್ ಮುಂತಾದವನ್ನು ಕಂಪನಿಯ ಕಡತಗಳೊಂದಿಗೆ ತಾಳೆ ನೋಡುತ್ತಾರೆ. ಸಹಜವಾಗಿಯೇ ಅದರ ವೆಚ್ಚ ಹಲವು ಪಟ್ಟು ಹೆಚ್ಚು, ಕೋಟಿಗಟ್ಟಲೆ ಬೆಲೆಯ ಕಾರಿಗೆ ಅದು ಒಪ್ಪುತ್ತದೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪತ್ರ ಗೇಡನ್‌ನದರಂತೆಯೇ ದಾಖಲೆಯಿಂದ ತೆಗೆದದ್ದು. ಎರಡು ಬಗೆಯವನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಳ್ಳುವವರು ಬಹಳ ಮಂದಿ ಇದ್ದಾರೆ.

ನನ್ನ ಎಂಜಿಬಿಯಂಥ ಸಾಧಾರಣ ಕಾರಿಗೆ ಈ ಪತ್ರ ಮಾಹಿತಿ ಮತ್ತು ಸಂತೋಷದ ಮೂಲ, ಮಾರುವಾಗ ಬೆಲೆಯನ್ನು ಅದು ಹೆಚ್ಚೇನೂ ಏರಿಸದು. ಒಂದೇ ರೂಪದ ಎರಡು ಕಾರುಗಳ ನಡುವೆ ಬೆಲೆಯ ಅಂತರ ದೊಡ್ಡದಿರುವಲ್ಲಿ ಮಾತ್ರ ಅದು ಅನಿವಾರ್ಯವಾಗುತ್ತದೆ. 1963ರಿಂದ 1971ರವರೆಗೆ ಬಂದ ಮಿನಿ ಕೂಪರ್ ಎಸ್ ಇದಕ್ಕೆ ಸರಿಯಾದ ನಿದರ್ಶನ. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದ ಆ ಕಾರಿನ ಹೆಸರು ಹೊತ್ತ ನಕಲುಗಳು ಹೇರಳವಾಗಿವೆ, ಮೊದಲ ಮಾದರಿಯಲ್ಲಿ ಸಾಮಾನ್ಯ ಕೂಪರ್‌ಗೂ ಎಸ್‌ಗೂ ಚಾಸಿ ನಂಬರಿನ ಆರಂಭದ ಅಕ್ಷರಗಳು ಒಂದೇ ಆಗಿರುವುದರಿಂದ ಲೆಡ್ಜರಿನ ಮಾಹಿತಿ ಇಲ್ಲದೆ ಹಣ ಕೊಡುವುದು ಅಪಾಯಕರ. ಅಮೆರಿಕದ ಪಾಂಟಿಯಾಕ್ ಜಿಟಿಒ ಕೂಡ ಹಾಗೆಯೇ. 1964 ಮತ್ತು 1965ರಲ್ಲಿ ಜಿಟಿಒ ಎಂಬುದು ಅದೇ ಕಂಪನಿಯ ಲಮಾನ್ಸ್ ಕಾರಿಗೆ ಹಣ ಕೊಟ್ಟು ಸೇರಿಸಿಕೊಳ್ಳುವ ಆಯ್ಕೆಯಾಗಿತ್ತು, ಆದ್ದರಿಂದ ಚಾಸಿ ನಂಬರಿನಿಂದ ಅದನ್ನು ಗುರುತಿಸಲಾಗದು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆ ಕಂಪನಿಯ ಕಡತಗಳಿಂದ ತೆಗೆದು ಕೊಡುವ ದಾಖಲೆ ಅಲ್ಲಿ ಕಾರಿನ ಬೆಲೆಯನ್ನೇ ನಿರ್ಧರಿಸುತ್ತದೆ.

ಇಂಗ್ಲೆಂಡಿನಲ್ಲಿ ಗೇಡನ್‌ನ ಪತ್ರಕ್ಕೆ ಇನ್ನೊಂದು ಉಪಯೋಗವಿದೆ. ತಯಾರಾದ ಎಂಜಿಬಿಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕಕ್ಕೆ ಹೋದವು. ಅಂಥವನ್ನು ಮರಳಿ ತಂದು, ಸ್ಟಿಯರಿಂಗನ್ನು ಬಲಕ್ಕೆ ಬದಲಿಸಿ ಮಾರುವುದು ಇಲ್ಲಿ ಸಾಮಾನ್ಯ. ಅದು ತಪ್ಪಲ್ಲ, ಕ್ಯಾಲಿಫೋರ್ನಿಯಾದ ಒಣ ಹವೆಯಲ್ಲಿದ್ದ ಕಾರಿಗೆ ತುಕ್ಕು ಕಡಿಮೆಯೇ. ಆದರೆ ಕೊಳ್ಳುವವರಿಗೆ ಅದು ಗೊತ್ತಿರಬೇಕು, ಪತ್ರದಲ್ಲಿ ರಫ್ತಿನ ಗುರಿ ಸ್ಪಷ್ಟವಾಗಿಯೇ ಇರುತ್ತದೆ.

ಊರಿನಲ್ಲಿ ಹಳೆಯ ಬ್ರಿಟಿಷ್ ಕಾರು ಇಟ್ಟುಕೊಂಡಿರುವ ಸ್ನೇಹಿತರೂ ಈ ಬಗ್ಗೆ ಕೇಳುತ್ತಾರೆ. ಭಾರತದಲ್ಲಿ 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ವಿಎ ಸರಣಿಯ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಕಾರು ಇಂಗ್ಲೆಂಡಿನಲ್ಲೇ ಪೂರ್ತಿ ತಯಾರಾಗಿ ಬಂದದ್ದಾದರೆ, ಮೂಲರೂಪ ಯಾವುದೆಂದು ತೋರಿಸಲು ಗೇಡನ್‌ನ ಪತ್ರ ನೆರವಾದೀತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್, ಮಾರಿಸ್ ಆಕ್ಸ್‌ಫರ್ಡ್‌ನ ಸಂತತಿಯೇ ಆದರೂ, ಹಿಂದೂಸ್ತಾನ್ ಮೋಟರ್ಸ್‌ನ ಕಾರು. ಅದಕ್ಕಾಗಿ ಇಲ್ಲಿಗೆ ಹಣ ಕಳುಹಿಸುವುದರಲ್ಲಿ ಅರ್ಥವಿಲ್ಲ.

ಕೊಳ್ಳುವವರಿಗೆ ನನ್ನ ಸಲಹೆಯೆಂದರೆ, ಮುಂಗಡ ಕೊಡುವ ಮೊದಲೇ ಮಾಲೀಕರಿಂದ ಅರ್ಜಿ ಹಾಕಿಸಿ, ಶುಲ್ಕವನ್ನು ಬೇಕಾದರೆ ನೀವೇ ಭರಿಸಿ. ಪತ್ರ ಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಕಾರಿನ ಬಳಿಗೆ ಹೋಗಿ, ಬಾನೆಟ್ಟಿನ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಒಳಪದರದ ಹಿಂದೆ ಮೂಲ ಬಣ್ಣಕ್ಕಾಗಿ ಹುಡುಕಿ, ನಂಬರ್ ತಗಡುಗಳ ರಿವೆಟ್‌ಗಳು ಹೊಸದಾಗಿವೆಯೇ ಎಂದು ನೋಡಿ. ಎಂಜಿನ್ ನಂಬರ್ ಬೇರೆಯಿದ್ದರೆ ಗ್ಯಾರೇಜಿನ ಹಳೆಯ ಬಿಲ್ಲುಗಳನ್ನು ಕೇಳಿ. 1970ರ ದಶಕಕ್ಕೂ ಹಿಂದಿನ ರಟ್ಟಿನ ಲಾಗ್‌ಬುಕ್, ಅಂದರೆ ಕಾರಿನ ನೋಂದಣಿ ಪುಸ್ತಕ, ಉಳಿದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮಾಲೀಕರ ಹೆಸರುಗಳ ಜೊತೆಗೆ ಬಣ್ಣ ಮತ್ತು ಎಂಜಿನ್ ಬದಲಾದದ್ದನ್ನೂ ಅದರಲ್ಲಿ ನಮೂದಿಸುತ್ತಿದ್ದರು. ಕಾರ್ಖಾನೆಯ ಗೇಟು ದಾಟಿದ ನಂತರದ ಕಥೆ ಯಾವ ಹೆರಿಟೇಜ್ ಸರ್ಟಿಫಿಕೇಟಿನಲ್ಲಿಯೂ ಸಿಗುವುದಿಲ್ಲವಾದ್ದರಿಂದ, ಅಂಥ ಲಾಗ್‌ಬುಕ್ಕೂ ಪತ್ರವೂ ಎರಡೂ ಇರುವ ಕಾರಿಗೆ ಸ್ವಲ್ಪ ಹೆಚ್ಚು ಬೆಲೆ ಕೇಳಿದರೂ ನಾನು ಕೊಡುತ್ತೇನೆ.