ಬಾಗಿಲಿಗೆ ನೇತುಬಿದ್ದ ರಬ್ಬರ್ ಪಟ್ಟಿ: ಎರಡೂವರೆ ವರ್ಷದ ಸಹವಾಸ

ಮಣಿಕಟ್ಟಿನಿಂದ ಮೊಣಕೈವರೆಗೆ ಉದ್ದಕ್ಕೆ ಒಂದು ಬಾಸುಂಡೆ. ಆಫೀಸಿನಲ್ಲಿ ಕೇಳಿದವರಿಗೆಲ್ಲ "ವ್ಯಾಯಾಮ ಮಾಡುವಾಗ ಆಯ್ತು" ಅಂದೆ. ಯಾರೂ ನಂಬಲಿಲ್ಲ. ನನ್ನನ್ನು ನೋಡಿದರೆ ನಂಬುವ ಹಾಗೂ ಇಲ್ಲ ಬಿಡಿ.

ಅದಕ್ಕೆ ಕಾರಣವಾದ ರೆಸಿಸ್ಟೆನ್ಸ್ ಬ್ಯಾಂಡ್ ಬಗ್ಗೆಯೇ ಈ ಬರಹ. ಉದ್ದನೆಯ ಚಪ್ಪಟೆ ರಬ್ಬರ್ ಪಟ್ಟಿ, ಜೊತೆಗೆ ಬಾಗಿಲ ಸಂದಿಗೆ ಸಿಕ್ಕಿಸುವ ನೈಲಾನ್ ಕುಣಿಕೆ. ಅಳತೆ, ಬಣ್ಣ ಎಲ್ಲ ಮಾರುವವರ ಪುಟದಲ್ಲೇ ಇರುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯಲ್ಲ.

ಇದಕ್ಕೂ ಮುಂಚೆ ಜಿಮ್‌ಗೆ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೆ. ಹೋಗಿದ್ದು ಹನ್ನೊಂದು ದಿನ. ಜಿಮ್ ಕೆಟ್ಟದ್ದೇನಲ್ಲ. ಬಟ್ಟೆ ಬದಲಿಸಿ, ಬ್ಯಾಗ್ ಹುಡುಕಿ, ಹೋಗಿ, ಬಂದು, ಸ್ನಾನ ಮುಗಿಸೋ ಹೊತ್ತಿಗೆ ಒಂದೂವರೆ ಗಂಟೆ ಹೋಗಿರುತ್ತಿತ್ತು. ಅಷ್ಟು ಹೊತ್ತು ಒಟ್ಟಿಗೆ ನನಗೆ ಯಾವತ್ತೂ ಸಿಗಲ್ಲ. ಎರಡು ನಿಮಿಷ, ಐದು ನಿಮಿಷದ ಚೂರುಗಳು ಮಾತ್ರ ಬೇಕಾದಷ್ಟು ಸಿಗುತ್ತವೆ. ಅದನ್ನೆಲ್ಲ ಫೋನ್ ನೋಡುತ್ತಾ ಕಳೀತಿದ್ದೆ.

ಚೂರು ಚೂರು ವ್ಯಾಯಾಮದಿಂದ ಏನು ಉಪಯೋಗ ಅಂತ ನನಗೂ ಅನುಮಾನ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಸಲಹೆಯಲ್ಲಿ, ಬಿರುಸು ನಡಿಗೆಯಂಥದ್ದು ಲೆಕ್ಕಕ್ಕೆ ಬರಬೇಕಾದರೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಮಾಡಬೇಕು ಅಂತಿತ್ತು. 2020ರಲ್ಲಿ ಆ ಷರತ್ತನ್ನೇ ತೆಗೆದರು. ಮಾಂಸಖಂಡಗಳಿಗೆ ಕೆಲಸ ಕೊಡುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು ಅನ್ನೋದು ಮಾತ್ರ ಹಾಗೇ ಉಳೀತು. ನನಗೆ ಅಷ್ಟು ಧೈರ್ಯ ಸಾಕಾಯ್ತು.

ಪಟ್ಟಿಯನ್ನು ಬಾಲ್ಕನಿ ಬಾಗಿಲಿಗೆ ಸಿಕ್ಕಿಸಿದೆ. ನನ್ನ ಮೇಜಿನಿಂದ ಮೂರು ಹೆಜ್ಜೆ, ಕುಳಿತಲ್ಲಿಂದಲೇ ಕಾಣುತ್ತದೆ.

ಆನ್‌ಲೈನ್ ಮೀಟಿಂಗ್ ಶುರುವಾಗುವ ಮೊದಲ ನಾಲ್ಕು ನಿಮಿಷ ಗೊತ್ತಲ್ವಾ? "ಎಲ್ರೂ ಬಂದ್ರಾ?" "ನನ್ನ ಮಾತು ಕೇಳಿಸ್ತಿದೆಯಾ?" "ಇನ್ನೊಬ್ರು ಬರಬೇಕು, ಎರಡು ನಿಮಿಷ ಕಾಯೋಣ." ಈಗ ಅದೇ ನನ್ನ ವ್ಯಾಯಾಮದ ಹೊತ್ತು. ಕ್ಯಾಮೆರಾ ಆಫ್, ಮೈಕ್ ಆಫ್. ಎರಡೂ ತುದಿಯನ್ನು ಅಂಗೈಗೆ ಒಂದೊಂದು ಸುತ್ತು ಸುತ್ತಿಕೊಂಡು, ಮಂಡಿ ಸ್ವಲ್ಪ ಬಗ್ಗಿಸಿ, ದೋಣಿಗೆ ಹುಟ್ಟು ಹಾಕುವ ಹಾಗೆ ಹಿಂದಕ್ಕೆ ಎಳೆಯೋದು. ಬೆನ್ನಿನ ಎರಡೂ ರೆಕ್ಕೆಮೂಳೆ ಹತ್ತಿರ ಬರಬೇಕು. ಒಂದು ಕ್ಷಣ ಹಿಡಿದು, ನಿಧಾನಕ್ಕೆ ಬಿಡೋದು. ಹನ್ನೆರಡು ಸಲ. ಅಷ್ಟರಲ್ಲಿ ಇನ್ನೂ ಯಾರಾದರೂ "ಸ್ಕ್ರೀನ್ ಕಾಣ್ತಿದೆಯಾ?" ಅಂದರೆ ಇನ್ನೊಂದು ಹನ್ನೆರಡು. ತಡವಾಗಿ ಬರುವವರ ಮೇಲೆ ನನಗೀಗ ಸಿಟ್ಟೇ ಇಲ್ಲ.

ವಾಷಿಂಗ್ ಮಷೀನ್ ಕೊನೆಯ ಸುತ್ತು ತಿರುಗುವಾಗ ಕಾಲಿನ ಸರದಿ. ಪಟ್ಟಿಯನ್ನು ಪಾದದಡಿ ಮೆಟ್ಟಿ, ತುದಿಗಳನ್ನು ಭುಜದ ಮಟ್ಟಕ್ಕೆ ಹಿಡಿದು ಕೂತು ಏಳೋದು. ಡಂಬೆಲ್‌ನ ತೂಕ ಮೊದಲಿಂದ ಕೊನೆವರೆಗೆ ಒಂದೇ. ಇದು ಎಳೆದಷ್ಟೂ ಬಿಗಿಯಾಗುತ್ತದೆ, ಏಳುವಾಗ ಕೊನೆಯ ಒಂದು ಗೇಣು ಜೀವ ತೆಗೆಯುತ್ತದೆ. ನನಗೆ ಅದೇ ಇಷ್ಟ.

ಹೀಗೇ ಎಂಟು ತಿಂಗಳು ಚೆನ್ನಾಗಿ ನಡೀತು. ಮೇಜಿನ ಮುಂದೆ ಕೂತು ಕೂತು ಬರುತ್ತಿದ್ದ ಕತ್ತು ನೋವು ಕಡಿಮೆಯಾಯ್ತು. ಬ್ಯಾಂಡಿನಿಂದಲೋ, ಸುಮ್ನೆ ಎದ್ದು ನಿಂತಿದ್ದರಿಂದಲೋ, ಹೇಳಲಾರೆ.

ಆಮೇಲೆ ಒಂದು ಸಂಜೆ, ಒಂಬತ್ತನೇ ಸಲವೋ ಹತ್ತನೇ ಸಲವೋ ಎಳೆಯುವಾಗ ಚಟ್ ಅಂತ ಸದ್ದಾಯ್ತು. ಹಿಂದಕ್ಕೆ ಕುಸಿದು ಕುರ್ಚಿ ಮೇಲೆ ಬಿದ್ದೆ. ಕೈಮೇಲೆ ಬೆಂಕಿ ಇಟ್ಟ ಹಾಗೆ ಉರಿ. ಕಣ್ಣಿಗೆ ಬಡಿದಿದ್ದರೆ ಈ ವಿಮರ್ಶೆಯ ಧಾಟಿಯೇ ಬೇರೆ ಇರುತ್ತಿತ್ತು.

ಹರಿದ ಜಾಗ ನೋಡಿದೆ. ಕುಣಿಕೆಗೆ ಉಜ್ಜುತ್ತಿದ್ದ ಕಡೆಯೇ ಹರಿದಿತ್ತು. ಅದರ ಅಕ್ಕಪಕ್ಕ ಎಳೆದು ಹಿಡಿದರೆ ಕೂದಲೆಳೆಯಂಥ ಬಿರುಕುಗಳು, ಒಣಗಿದ ಕೆರೆಯ ಮಣ್ಣಿನ ಹಾಗೆ. ಇದು ರಬ್ಬರ್ ಮರದ ಹಾಲಿನಿಂದ ಮಾಡಿದ ಲ್ಯಾಟೆಕ್ಸ್. ಬಿಸಿಲು, ಗಾಳಿಯ ಓಜೋನ್, ಕೈಗೆ ಹಚ್ಚಿದ ಎಣ್ಣೆ, ಕ್ರೀಮು ಯಾವುದೂ ಇದಕ್ಕೆ ಆಗಿಬರಲ್ಲ. ಬಾಲ್ಕನಿ ಬಾಗಿಲಿಗೆ ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ನೇರ ಬಿಸಿಲು. ಕಣ್ಣಿಗೆ ಕಾಣಲಿ ಅಂತ ಅಲ್ಲಿ ನೇತುಹಾಕಿದ್ದರಿಂದಲೇ ನಾನು ವ್ಯಾಯಾಮ ಮಾಡಿದೆ, ಅಲ್ಲಿ ನೇತುಹಾಕಿದ್ದರಿಂದಲೇ ಅದು ಸತ್ತಿತು.

ತಪ್ಪು ನನ್ನದೇ, ಒಪ್ಪಿದೆ. ಆದರೆ ಬಿಸಿಲಿಗೆ ಇಡಬೇಡಿ ಅಂತ ಒಂದು ಸಾಲು ಪೊಟ್ಟಣದ ಮೇಲೆ ಹಾಕೋಕೆ ಏನು ಕಷ್ಟ? ನಗುನಗುತ್ತಾ ಎಳೆಯುವ ಮಾಡೆಲ್‌ಗಳ ಆರು ಫೋಟೋಗಳಿಗೆ ಜಾಗ ಸಿಕ್ಕಿದೆ. ಲ್ಯಾಟೆಕ್ಸ್ ಕೆಲವರಿಗೆ ಅಲರ್ಜಿ, ಅದರ ಸುದ್ದಿಯೂ ಇಲ್ಲ. ದೂರು ಕೊಟ್ಟರೆ "ನಿಮ್ಮ ಅನಿಸಿಕೆಗೆ ಧನ್ಯವಾದ" ಅಂತ ಉತ್ತರ ಬಂತು.

ಎರಡನೆಯದನ್ನು ಬೇರೆ ಕಡೆ ಕೊಂಡೆ. ಅಲ್ಲಿ ಬಣ್ಣದ ಗೊಂದಲ. ಫಿಸಿಯೋಥೆರಪಿಯವರು ಬಳಸುವ ಥೆರಾಬ್ಯಾಂಡ್ ಅನ್ನೋ ಬ್ರ್ಯಾಂಡಿನ ಪಟ್ಟಿಗಳಲ್ಲಿ ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಅನ್ನುವ ಕ್ರಮದಲ್ಲಿ ಬಿಗಿ ಹೆಚ್ಚುತ್ತದೆ. ಎರಡರಷ್ಟು ಉದ್ದಕ್ಕೆ ಎಳೆದರೆ ಕೆಂಪಿಗೆ ಸುಮಾರು 1.7 ಕೆಜಿ, ಕಪ್ಪಿಗೆ 3.3 ಕೆಜಿಯಷ್ಟು ಬಲ ಬೇಕು. ಅದೇ ನಂಬಿಕೆಯಲ್ಲಿ ನಾನು ತರಿಸಿದ ಕೆಂಪು ಪಟ್ಟಿ ಬೇರೆ ಕಂಪನಿಯದು, ಅವರಲ್ಲಿ ಕೆಂಪೇ ಅತಿ ಬಿಗಿಯಾದದ್ದು. ಎಲ್ಲರೂ ಪಾಲಿಸಲೇಬೇಕಾದ ಬಣ್ಣದ ನಿಯಮ ಅಂತ ಇಲ್ಲ. ಬಣ್ಣ ನೋಡಿ ಕೊಳ್ಳಬೇಡಿ, ಬರೆದಿರುವ ತೂಕ ನೋಡಿ.

ಹೊಸದನ್ನು ಜಾಣತನದಿಂದ ಬೀರುವಿನ ಡ್ರಾಯರ್‌ನಲ್ಲಿಟ್ಟೆ. ತಂಪು, ಕತ್ತಲೆ, ರಬ್ಬರಿಗೆ ಸ್ವರ್ಗ. ಮೂರು ವಾರ ಅದು ಅಲ್ಲೇ ಸುಖವಾಗಿತ್ತು, ನಾನು ಒಂದು ಸಲವೂ ತೆಗೆಯಲಿಲ್ಲ. ಡ್ರಾಯರ್ ತೆಗೆಯೋಕೆ ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡೇ ನನಗೆ ಜಾಸ್ತಿಯಾಯ್ತು ಅಂದರೆ ನಂಬ್ತೀರಾ?

ಈಗ ಅದು ಒಳಗಿನ ಕೋಣೆಯ ಬಾಗಿಲಲ್ಲಿದೆ. ಬಿಸಿಲಿಲ್ಲ, ಆದರೆ ನೀರು ಕುಡಿಯೋಕೆ ಎದ್ದರೆ ದಾರಿಯಲ್ಲೇ ಸಿಗುತ್ತದೆ. ಒಂದು ಮಾತು: ಎಳೆದಾಗ ಬಾಗಿಲು ಚೌಕಟ್ಟಿಗೆ ಒತ್ತಿಕೊಳ್ಳುವ ಕಡೆಗೇ ನಿಲ್ಲಿ. ನಿಮ್ಮ ಕಡೆಗೆ ತೆರೆದುಕೊಳ್ಳುವ ಬಾಗಿಲಾದರೆ ಬಾಗಿಲೇ ಬಂದು ಮುಖಕ್ಕೆ ಬಡಿಯುತ್ತದೆ. ಚಿಲಕ ಹಾಕೋದು ಇನ್ನೂ ಒಳ್ಳೆಯದು. ಪ್ರತಿ ಭಾನುವಾರ ಪಟ್ಟಿಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಲ್ಲಿ ಹಿಗ್ಗಿಸುತ್ತಾ ಬಿರುಕು ಹುಡುಕುತ್ತೇನೆ. ಒಂದು ಕಂಡರೂ ಕಸದ ಬುಟ್ಟಿಗೆ. ಹಾಗೆ ಎರಡನೆಯದೂ ಹೋಯ್ತು, ಈಗಿರೋದು ಮೂರನೆಯದು. ಮೂರಕ್ಕೂ ಸೇರಿ ಕೊಟ್ಟದ್ದು ಜಿಮ್‌ನ ಎರಡು ತಿಂಗಳ ಫೀಸೂ ಆಗಿಲ್ಲ.

ಐದರಲ್ಲಿ ಮೂರೂವರೆ ಸ್ಟಾರ್. ಕತ್ತರಿಸಿದ ಒಂದೂವರೆ ಎಚ್ಚರಿಕೆಯೇ ಇಲ್ಲದ ಆ ಪೊಟ್ಟಣಕ್ಕೆ. ಮನೆಯವರ ದೂರು ಬೇರೆ ಇದೆ: ಮೀಟಿಂಗ್ ಶುರುವಾಗುವ ಹೊತ್ತಿಗೆ ಒಳಕೋಣೆಗೆ ಚಿಲಕ ಬೀಳುತ್ತದೆ, ಮಗಳ ಸ್ಕೂಲ್ ಬ್ಯಾಗ್ ಒಳಗೇ ಉಳಿಯುತ್ತದೆ. "ಅಪ್ಪಾ, ಇನ್ನೂ ಎಷ್ಟು?" ಅಂತ ಹೊರಗಿಂದ ಕೂಗುತ್ತಾಳೆ. "ನಾಲ್ಕೇ" ಅಂತೀನಿ. ಅವಳು ಜೋರಾಗಿ ಎಣಿಸೋಕೆ ಶುರು ಮಾಡ್ತಾಳೆ, ಎರಡಾದ ಮೇಲೆ ನೇರ ನಾಲ್ಕು.